ಸಾವ್ಕಾರರ ಟರ್ಬೊ, ದಾಸಣ್ಣನ ಹೊಟ್ಟೆಕಿಚ್ಚು

ಚಳ್ಳಕೆರೆಯ ಎಣ್ಣೆ ಮಿಲ್ಲಿನ ಮುರುಗೇಂದ್ರಪ್ಪನವರು ಹೊಸ ಕಾರು ಕೊಂಡ ದಿನ, ದಾವಣಗೆರೆಯ ಶೋರೂಮಿನಲ್ಲಿ ಪೂಜೆ ಮುಗಿದ ಮೇಲೆ ಕೀಲಿಕೈಯನ್ನು ಕಣ್ಣಿಗೊತ್ತಿಕೊಂಡು ನೇರವಾಗಿ ಡ್ರೈವರ್ ದಾಸಣ್ಣನ ಕೈಗೆ ಹಾಕಿದರು. ಸಾವ್ಕಾರರಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಕಲಿಯುವ ಆಸೆಯೂ ಇರಲಿಲ್ಲ. "ದುಡ್ಡು ನಂದು, ಗಾಡಿ ನಿಂದು, ನೋಡ್ಕೋ" ಎಂದರು. ಅವರು ತಮಾಷೆಗೆ ಅಂದ ಮಾತು. ದಾಸಣ್ಣ ಅದನ್ನು ತಮಾಷೆಯಾಗಿ ತೆಗೆದುಕೊಳ್ಳಲಿಲ್ಲ.

ಅದು ತೊಂಬತ್ತೊಂಬತ್ತನೇ ಇಸವಿ. ಕಾರಿನ ಹಿಂದೆ ಇಂಗ್ಲಿಷಿನಲ್ಲಿ 'ಟರ್ಬೊ' ಎಂದು ಬೆಳ್ಳಿ ಬಣ್ಣದ ಅಕ್ಷರಗಳಿದ್ದವು. ಮಿಲ್ಲಿನವರು, ಮನೆಯವರು, ಬಳ್ಳಾರಿ ರಸ್ತೆಯ ಟೀ ಅಂಗಡಿಯವರು ಎಲ್ಲರೂ ಕಾರಿಗೆ ಅದನ್ನೇ ಹೆಸರು ಮಾಡಿಕೊಂಡರು. ಹಂಗಂದ್ರೇನು ಎಂದು ಯಾರಾದರೂ ಕೇಳಿದರೆ ದಾಸಣ್ಣ ಟೀ ಲೋಟ ಕೆಳಗಿಟ್ಟು ಹೇಳುತ್ತಿದ್ದ: "ಬೇರೆ ಗಾಡಿ ತಾವಾಗೇ ಉಸಿರು ಎಳ್ಕಂತಾವೆ. ಇದಕ್ಕೆ ಒಳಗೊಂದು ಫ್ಯಾನ್ ಐತೆ, ಗಾಳಿ ಹಿಡಿದು ತುರುಕ್ತೈತೆ. ಏರು ಬಂದಂಗೆಲ್ಲ ಇದಕ್ಕೆ ರೋಷ ಜಾಸ್ತಿ." ಅವನಿಗೆ ಗೊತ್ತಿದ್ದದ್ದು ಅಷ್ಟೇ. ಕೇಳಿದವರಿಗೆ ಅಷ್ಟೂ ಗೊತ್ತಿರಲಿಲ್ಲವಾದ್ದರಿಂದ ಸಾಕಾಗುತ್ತಿತ್ತು.

ದಾಸಣ್ಣ ಮೊಳಕಾಲ್ಮೂರು ಕಡೆಯ ಸಿದ್ದಾಪುರದವನು. ಬಂಡೆಗುಡ್ಡಗಳ ನಡುವೆ ಕುರಿ ಮೇಯಿಸಿಕೊಂಡಿದ್ದ ಮನೆ. ಚಿಕ್ಕಂದಿನಲ್ಲಿ, ತಾಯಿ ಸತ್ತ ಮರಿಯೊಂದನ್ನು ಅವನು ಬಟ್ಟಲಲ್ಲಿ ಹಾಲು ಕುಡಿಸಿ ಸಾಕಿದ್ದನಂತೆ. ಅದು ಬಲಿತ ಮೇಲೆ ಅವನ ಅಣ್ಣನ ಹಿಂದೆ ತಿರುಗತೊಡಗಿತು. ಆ ಬೇಸಿಗೆಯೆಲ್ಲ ದಾಸಣ್ಣ ಅಣ್ಣನ ಮುಖ ನೋಡಲಿಲ್ಲ, ಮರಿಯ ಮುಖವನ್ನೂ ನೋಡಲಿಲ್ಲ ಎಂದು ಅವನ ಅವ್ವ ನಗುತ್ತ ಹೇಳುತ್ತಿದ್ದಳು. ಮುಂದೆ ಕುರಿ ಬಿಟ್ಟು ಚಳ್ಳಕೆರೆಗೆ ಬಂದು ಶೇಂಗಾ ಲಾರಿಗೆ ಕ್ಲೀನರಾದ, ಡ್ರೈವರಾದ, ಮುರುಗೇಂದ್ರಪ್ಪನವರ ಮಿಲ್ಲು ಸೇರಿದ. ಕೈ ಒಳ್ಳೆಯದು, ಬಾಯಿ ಕಡಿಮೆ, ಕುಡಿತವಿಲ್ಲ. ಇದ್ದದ್ದು ಒಂದೇ ದೋಷ. ತನ್ನದು ಅಂದುಕೊಂಡದ್ದನ್ನು ಇನ್ನೊಬ್ಬರು ಮುಟ್ಟಿದರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು.

ಸಾವ್ಕಾರರ ಮಗ ನಾಗಭೂಷಣನಿಗೆ ಲೈಸೆನ್ಸ್ ಇತ್ತು. ಕಾರು ಬಂದ ಹೊಸದರಲ್ಲಿ ಒಮ್ಮೆ ಕೀಲಿ ಕೇಳಿದ. ದಾಸಣ್ಣ ಕೊಟ್ಟ, ಕೊಟ್ಟು ಪಕ್ಕದಲ್ಲೇ ಕೂತ. ಮಿಲ್ಲಿನ ಗೇಟು ದಾಟುವಷ್ಟರಲ್ಲಿ "ಹಂಗಲ್ಲ", "ಕ್ಲಚ್ ಮ್ಯಾಲೆ ಕಾಲು ಇಡಬ್ಯಾಡ್ರಿ", "ಗೇರು ನೊಂದ್ಕಂತೈತೆ" ಎಂದು ಎಷ್ಟು ಹೇಳಿದನೆಂದರೆ ನಾಗಭೂಷಣ ಅಂಗಿ ತೊಯ್ಯುವಷ್ಟು ಬೆವತು, ರಸ್ತೆಗೆ ಹೋಗುವ ಮೊದಲೇ ಇಳಿದುಬಿಟ್ಟ. ಅಲ್ಲಿಂದಾಚೆಗೆ ಅವನು ಎಲ್ಲಿಗೆ ಹೋದರೂ ಮೋಟರ್‌ಸೈಕಲ್ಲೇ. "ಆ ಗಾಡಿ ದಾಸಣ್ಣನ ಮಾತು ಬಿಟ್ರೆ ಯಾರ ಮಾತೂ ಕೇಳಲ್ಲ" ಎಂದು ಮನೆಯಲ್ಲಿ ಹೇಳಿಕೊಂಡ. ಆ ಮಾತು ಕಿವಿಗೆ ಬಿದ್ದಾಗ ದಾಸಣ್ಣನಿಗೆ ಹಬ್ಬದೂಟ ಉಂಡಷ್ಟು ಹಿತವಾಯಿತು.

ಹೀಗೆ ನಾಲ್ಕೈದು ವರ್ಷ ನಡೆಯಿತು. ದಾಸಣ್ಣನ ಹೆಂಡತಿ ಪಾಲಮ್ಮ ಅದೇ ಮಿಲ್ಲಿನಲ್ಲಿ ಶೇಂಗಾ ಆರಿಸುವ ಕೆಲಸಕ್ಕೆ ಬರುತ್ತಿದ್ದಳು. ಗಂಡ ಮಧ್ಯಾಹ್ನದ ಬುತ್ತಿಯನ್ನು ತನ್ನ ಜೊತೆ ಕೂತು ಉಣ್ಣದೆ ಕಾರಿನ ಬಾಗಿಲು ತೆಗೆದುಕೊಂಡು ಅಲ್ಲೇ ಉಣ್ಣುವುದನ್ನು ನೋಡಿ, "ಅದಕ್ಕೂ ಒಂದು ತುತ್ತು ಇಡು, ಪಾಪ" ಎಂದು ಜೊತೆಯ ಹೆಂಗಸರನ್ನು ನಗಿಸುತ್ತಿದ್ದಳು.

ನಾಗಭೂಷಣನಿಗೆ ಮದುವೆಯಾಯಿತು. ಹೆಣ್ಣು ಚಿತ್ರದುರ್ಗದವಳು, ಹೆಸರು ಶಿಲ್ಪ. ಅವಳ ತಂದೆ ಜಂಬುಲಿಂಗಪ್ಪನವರದು ಲಾರಿ, ಕಾರುಗಳ ಬಿಡಿಭಾಗದ ಅಂಗಡಿ. ಶಾಲೆ ಬಿಟ್ಟ ಮೇಲೆ ನೇರ ಅಂಗಡಿಗೆ ಬಂದು ಬೇರಿಂಗ್ ಡಬ್ಬಿಗಳ ಮೇಲೆ ಪುಸ್ತಕ ಇಟ್ಟುಕೊಂಡು ಓದಿದ ಹುಡುಗಿ. ಅಂಗಡಿಯ ಹಿಂದಿನ ಶೆಡ್ಡಿನಲ್ಲಿ ಅಪ್ಪನ ಹಳೆಯ ಜೀಪನ್ನು ಬಿಚ್ಚಿ ಜೋಡಿಸುತ್ತ ಬೆಳೆದವಳು. ಗಂಡನ ಮನೆಯಲ್ಲಿ ಇದು ಯಾರಿಗೂ ತಿಳಿದಿರಲಿಲ್ಲ. ಸೊಸೆಯನ್ನು ಕೇಳುವ ವಿಷಯವೂ ಅದಾಗಿರಲಿಲ್ಲ.

ಮದುವೆಯಾದ ಹೊಸದರಲ್ಲಿ ಅತ್ತೆ ರೇಣುಕಮ್ಮ ಸೊಸೆಯನ್ನು ಕರೆದುಕೊಂಡು ರೇಷ್ಮೆ ಸೀರೆ ತರಲು ಮೊಳಕಾಲ್ಮೂರಿಗೆ ಹೊರಟರು. ಊರು ಹತ್ತಿರವಾದಂತೆ ಗುಡ್ಡದ ಏರು ಸಿಕ್ಕಿತು. ಕಾರು ಮೂರನೇ ಗೇರಿನಲ್ಲಿ ಏರಲಾರದೆ ಎರಡಕ್ಕೆ ಇಳಿಯಿತು. ಹಿಂದಿನ ಸೀಟಿನಿಂದ ಶಿಲ್ಪ ಮುಂದಕ್ಕೆ ಬಾಗಿದಳು.

"ದಾಸಣ್ಣ, ಪಿಕಪ್ ಕಮ್ಮಿ ಆದಂಗೈತಲ್ಲ?"

ತನ್ನ ಮನೆ ಕೂಸನ್ನು ಯಾರೋ ಬಡಕಲು ಎಂದಂತಾಯಿತು ದಾಸಣ್ಣನಿಗೆ. "ಬಿಸ್ಲು, ಸಣ್ಣಮ್ಮಾರೆ. ಬಿಸ್ಲಿಗೆ ಎಲ್ಲಾ ಗಾಡಿನೂ ಹಿಂಗೇ" ಎಂದ.

ಸ್ವಲ್ಪ ದೂರ ಹೋದ ಮೇಲೆ ಮತ್ತೆ ಕೇಳಿದಳು. "ಬ್ರೇಕು ಅಷ್ಟು ಗಟ್ಟಿಯಾಗಿ ತುಳೀತೀರಲ್ಲ, ಯಾವಾಗ್ಲೂ ಹಿಂಗೇನಾ?"

"ದೊಡ್ಡ ಗಾಡಿ ಅಲ್ವೇನ್ರಿ."

ಸುಳ್ಳು. ಒಂದು ವರ್ಷದಿಂದ ಬ್ರೇಕಿನ ಪೆಡಲು ಗಟ್ಟಿಯಾಗುತ್ತ ಬಂದಿತ್ತು. ಸಂಜೆ ಮನೆಗೆ ಹೋದರೆ ಬಲಗಾಲಿನ ಮೀನಖಂಡ ನೋಯುತ್ತಿತ್ತು. ಏರಿನಲ್ಲಿ ಒತ್ತಿದಾಗ ಏಳುತ್ತಿದ್ದ ಟರ್ಬೊದ ಸಿಳ್ಳು ಹೋಗಿ ಸುಯ್ಯೆಂಬ ಉಬ್ಬಸ ಬಂದಿತ್ತು. ದಾಸಣ್ಣ ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಗ್ಯಾರೇಜಿಗೆ ಬಿಡಬೇಕು. ಗ್ಯಾರೇಜಿನಲ್ಲಿ ಯಾರ್‍ಯಾರೋ ಓಡಿಸಿ ನೋಡುತ್ತಾರೆ. ಮನೆಯವರ ಕಾಯಿಲೆಯನ್ನು ಬಚ್ಚಿಡುವ ಹಾಗೆ ಬಚ್ಚಿಟ್ಟು, ಪೆಡಲನ್ನು ಇನ್ನಷ್ಟು ಬಲವಾಗಿ ತುಳಿದುಕೊಂಡು ದಿನ ದೂಡಿದ್ದ. ಬಂದು ತಿಂಗಳೂ ಆಗದ ಹೆಣ್ಣು ಹಿಂದಿನ ಸೀಟಿನಲ್ಲಿ ಕೂತು ಅದನ್ನು ಕಂಡುಹಿಡಿದಿದ್ದಳು.

ಅವಳು ಮಾವನಿಗೆ ಹೇಳಿದಳು. ಮಾವ ಕಾರನ್ನು ಚಿತ್ರದುರ್ಗದ ಒಂದು ಗ್ಯಾರೇಜಿಗೆ ಕಳಿಸಿದರು. ಅಲ್ಲಿಯವನು ಬಾನೆಟ್ ಎತ್ತಿ, ಆಕ್ಸಿಲರೇಟರ್ ಒತ್ತಿಸಿ, ತಲೆ ಅಲ್ಲಾಡಿಸಿದ. "ಟರ್ಬೊನೇ ಹೋಗೈತೆ. ಪೂರ್ತಿ ಬದ್ಲಾಯಿಸ್ಬೇಕು" ಎಂದ. ಅವನು ಹೇಳಿದ ಖರ್ಚು ಕೇಳಿ ಸಾವ್ಕಾರರು ಮರುದಿನ ಊಟಕ್ಕೆ ಕೂತಾಗ, "ಮಾರಿಬಿಡಾಣ. ಒಂದು ಸಣ್ಣ ಕಾರು ತಗಂಡ್ರೆ ಸಾಕು" ಎಂದರು. ಅಡುಗೆಮನೆ ಬಾಗಿಲಲ್ಲಿ ನೀರಿಗೆಂದು ನಿಂತಿದ್ದ ದಾಸಣ್ಣ ಕೈಯಲ್ಲಿದ್ದ ಚೊಂಬನ್ನು ಹಾಗೇ ಕೆಳಗಿಟ್ಟ.

"ಮಾವ, ಮಾರೋಕೆ ಮುಂಚೆ ನಾನೊಂದ್ಸಲ ನೋಡ್ಲಾ?" ಎಂದಳು ಶಿಲ್ಪ. "ಟರ್ಬೊ ಹೋಗಿದ್ರೆ ಹೊಗೆ ಬೇರೆ ಥರ ಬರ್ಬೇಕಿತ್ತು. ನಂಗ್ಯಾಕೋ ಪೈಪುಗಳ ಮೇಲೆ ಅನುಮಾನ. ಅಪ್ಪಂಗೆ ಹೇಳಿದ್ರೆ ಸಾಮಾನು ಕಳಿಸ್ತಾರೆ, ಇಲ್ಲೇ ಮನೆ ಮುಂದೆ ಹಾಕ್ಬೋದು."

ರೇಣುಕಮ್ಮನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. "ನೀನು? ಗಾಡಿ ಬಿಚ್ತೀಯಾ?"

"ಗಾಡಿ ಬಿಚ್ಚಲ್ಲ ಅತ್ತೆ. ಪೈಪು ಬದ್ಲಾಯಿಸ್ತೀನಿ."

ಮುರುಗೇಂದ್ರಪ್ಪನವರು ವ್ಯಾಪಾರಸ್ಥರು. ಮಾರುವ ಕಾರು, ನೋಡಿದರೆ ಹೋಗುವುದೇನು ಎಂದು ಲೆಕ್ಕ ಹಾಕಿ ಹೂಂ ಎಂದರು. ಕಾರು ಉಳಿಯುವ ದಾರಿ ಅದೊಂದೇ. ದಾಸಣ್ಣ ಸಂತೋಷಪಡಬೇಕಿತ್ತು. ಆದರೆ ನೀರು ಕುಡಿಯದೆ ಹೊರಗೆ ಬಂದ ಅವನಿಗೆ ಅನ್ನಿಸಿದ್ದು ಬೇರೆ. ಕಾರು ಮಾರಿಹೋದರೂ ಹೋಗಲಿ, ಇವಳ ಕೈಯಲ್ಲಿ ಮಾತ್ರ ಸರಿಯಾಗುವುದು ಬೇಡ. ಹೀಗೆ ಅನ್ನಿಸಿದ್ದಕ್ಕೆ ಅವನಿಗೇ ಅಂಜಿಕೆಯಾಯಿತು. ಅಂಜಿಕೆಯಾದರೂ ಅನ್ನಿಸುವುದು ನಿಲ್ಲಲಿಲ್ಲ.

ಸಾಮಾನು ಶನಿವಾರ ಚಿತ್ರದುರ್ಗದ ಬಸ್ಸಿನಲ್ಲಿ ಕಂಡಕ್ಟರ್ ಕೈಲಿ ಬಂತು. ತರಲು ಹೋದವನೂ ದಾಸಣ್ಣನೇ. ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಪೊಟ್ಟಣದ ಬಾಯಿ ಬಿಚ್ಚಿ ನೋಡಿದ. ಕರೀ ರಬ್ಬರು ಪೈಪಿನ ಸುರುಳಿಗಳು, ಹಿಡಿಯಷ್ಟು ಕ್ಲಿಪ್ಪುಗಳು, ಹೆಬ್ಬೆರಳಿನಷ್ಟು ದಪ್ಪದ ಒಂದು ಪ್ಲಾಸ್ಟಿಕ್ ವಾಲ್ವು. ಹೊಸ ರಬ್ಬರಿನ ವಾಸನೆ ಗಮ್ಮೆಂದಿತು. ತನ್ನ ಕಾರಿನ ಒಳಗೆ ಇಂಥವೆಲ್ಲ ಇವೆಯೆಂದು ಅವನು ನೋಡಿಯೇ ಇರಲಿಲ್ಲ. ಹೊರಗೆ ಕನ್ನಡಿಯ ಹಾಗೆ ತಿಕ್ಕಿದ್ದ. ಬಾನೆಟ್ಟಿನ ಕೆಳಗೆ ನೀರು, ಆಯಿಲು ನೋಡಿ ಮುಚ್ಚುತ್ತಿದ್ದ. ಅವಳಿಗೆ ಮಾತ್ರ ಕಾರನ್ನು ಬಿಚ್ಚುವ ಮೊದಲೇ ಒಳಗೆ ಏನೇನಿದೆ ಎಂದು ಗೊತ್ತಿತ್ತು. ಅದೇ ಅವನಿಗೆ ಹೆಚ್ಚು ಉರಿಯಿತು.

ಭಾನುವಾರ ಬೆಳಿಗ್ಗೆ ಮನೆ ಮುಂದಿನ ಬೇವಿನ ಮರದ ಕೆಳಗೆ ಕಾರು ನಿಂತಿತು. ಶಿಲ್ಪ ಗಂಡನ ಹಳೆಯ ಅಂಗಿಯನ್ನು ಚೂಡಿದಾರದ ಮೇಲೆ ತೊಟ್ಟು, ಜಡೆಯನ್ನು ಮೇಲೆ ಕಟ್ಟಿ ಬಂದಳು. ಕೆಲಸ ಶುರು ಮಾಡುವ ಮೊದಲು ಬಣ್ಣಬಣ್ಣದ ಉಲ್ಲನ್ ದಾರ ತಂದು ಒಂದೊಂದು ಪೈಪಿನ ಎರಡೂ ತುದಿಗೆ ಒಂದೊಂದು ಬಣ್ಣ ಕಟ್ಟಿದಳು. "ಎಲ್ಲಾ ಒಟ್ಟಿಗೆ ಕಿತ್ರೆ ಯಾವುದು ಎಲ್ಲಿಗೆ ಅಂತ ಮರ್ತೋಗ್ತೈತೆ, ದಾಸಣ್ಣ. ಒಂದು ಕೀಳೋದು, ಅಷ್ಟೇ ಉದ್ದ ಹೊಸದು ಕತ್ತರಿಸೋದು, ಹಾಕೋದು. ಆಮೇಲೆ ಇನ್ನೊಂದು" ಎಂದಳು. ದಾಸಣ್ಣ ಸ್ಪ್ಯಾನರ್ ಹಿಡಿದು ನಿಂತಿದ್ದ.

ಮೊದಲು ಕಿತ್ತದ್ದು ಇಂಜಿನ್ನಿನಿಂದ ಡೀಸೆಲ್ ಪಂಪಿಗೆ ಹೋಗುವ ಕಿರುಬೆರಳಿನ ದಪ್ಪದ ಪೈಪು. ಅದನ್ನು ಬಗ್ಗಿಸಿ ತೋರಿಸಿದಳು. ಬೇಸಿಗೆಯಲ್ಲಿ ಹಿಮ್ಮಡಿ ಒಡೆದ ಹಾಗೆ ಉದ್ದಕ್ಕೂ ಸೀಳು ಬಾಯಿ ಬಿಟ್ಟಿತು. "ಟರ್ಬೊ ಗಾಳಿ ಒತ್ತಿದ್ದು ಈ ಪೈಪಿನಿಂದ್ಲೇ ಪಂಪಿಗೆ ಗೊತ್ತಾಗ್ಬೇಕು. ಗೊತ್ತಾದ್ರೆ ಪಂಪು ಜಾಸ್ತಿ ಡೀಸೆಲ್ ಬಿಡ್ತೈತೆ. ಇಲ್ಲಿ ಗಾಳಿ ಸೋರಿಹೋದ್ರೆ ಅದಕ್ಕೇನು ಗೊತ್ತಾಗ್ಬೇಕು? ಟರ್ಬೊ ದುಡೀತಾನೇ ಐತೆ, ಪಂಪು ಮಲ್ಗೈತೆ."

ನೋಡಲು ಬಂದಿದ್ದ ಸಾವ್ಕಾರರು ಆ ಸೀಳಿನೊಳಗೆ ಉಗುರು ಹಾಕಿ ನೋಡಿದರು. "ಇಷ್ಟು ದಿನ ನಿನ್ನ ಕೈಲೇ ಇತ್ತಲ್ಲೋ ದಾಸಣ್ಣ" ಎಂದರು. ಬೈಯುವ ದನಿಯಲ್ಲ. ಬೈದಿದ್ದರೇ ವಾಸಿಯಿತ್ತು.

ಹೊಸ ಪೈಪು ಬಿಗಿಯಾಗಿತ್ತು, ತುದಿ ಏರಲಿಲ್ಲ. ಶಿಲ್ಪ ಬಿಸಿನೀರು ಕೇಳಿದಳು. ಬೆಳಿಗ್ಗೆಯಿಂದ ಮುಖ ಸಿಂಡರಿಸಿಕೊಂಡು ಕಟ್ಟೆಯ ಮೇಲೆ ಕೂತಿದ್ದ ರೇಣುಕಮ್ಮ ತಾವೇ ಎದ್ದು ಪಾತ್ರೆಯಲ್ಲಿ ಕುದಿನೀರು ತಂದರು. ತುದಿಯನ್ನು ನೀರಿಗೆ ಅದ್ದಿ ತೆಗೆದರೆ ರಬ್ಬರು ಮೆತ್ತಗಾಗಿ ಸರಕ್ಕನೆ ಏರಿತು. "ಶ್ಯಾವಿಗೆ ಥರ ಆತಲ್ಲೇ" ಎಂದು ರೇಣುಕಮ್ಮ ನಕ್ಕರು. ಆಮೇಲೆ ನೀರು ಆರಿದಂತೆಲ್ಲ ಕೇಳುವ ಮೊದಲೇ ಬದಲಾಯಿಸಿ ತಂದರು. ಏನಿದ್ದರೂ "ದಾಸಣ್ಣ, ನೋಡು" ಎನ್ನುತ್ತಿದ್ದ ಬಾಯಿ ಅದು. ಆ ದಿನ ಒಮ್ಮೆಯೂ ಅವನ ಹೆಸರು ಹೇಳಲಿಲ್ಲ.

ಕೊನೆಗೆ ಬ್ರೇಕಿನ ದಪ್ಪ ಪೈಪು, ಅದರ ನಡುವಿನ ವಾಲ್ವು. ಶಿಲ್ಪ ಹೊಸ ವಾಲ್ವನ್ನು ಒರೆಸಿ ತುಟಿಗಿಟ್ಟು ಊದಿದಳು. ಗಾಳಿ ಹೋಯಿತು. ತಿರುಗಿಸಿ ಊದಿದಳು. ಹೋಗಲಿಲ್ಲ. ಹಳೆಯದನ್ನು ದಾಸಣ್ಣನ ಕೈಗೆ ಕೊಟ್ಟು, "ನೀವು ಊದಿ ನೋಡ್ರಿ" ಎಂದಳು. ಅವನು ಊದಿದ. ಎರಡೂ ಕಡೆಯಿಂದ ಗಾಳಿ ಸರಾಗ ಹೋಗುತ್ತಿತ್ತು. "ಬ್ರೇಕಿಗೆ ಬಲ ಕೊಡೋ ಗಾಳಿ ಎಳೆತ ಇದರೊಳಗೆ ನಿಲ್ಬೇಕು. ನಿಲ್ತಿರ್ಲಿಲ್ಲ. ಅದನ್ನ ನಿಮ್ಮ ಕಾಲೇ ಮಾಡ್ತಿತ್ತು ಇಷ್ಟು ದಿನ. ಹೆಂಗ್ ಓಡಿಸಿದ್ರೋ, ನೋವಾಗಿಲ್ವಾ?"

ಅವಳು ಕನಿಕರದಿಂದ ಕೇಳಿದಳು. ದಾಸಣ್ಣ "ಇಲ್ಲ" ಎಂದ.

ಎಲ್ಲ ಹಾಕಿ ಮುಗಿದ ಮೇಲೆ ಅವನನ್ನೇ ಸೀಟಿಗೆ ಕೂರಿಸಿದಳು. ಇಂಜಿನ್ ಬಂದ್ ಇದ್ದಾಗ ಬ್ರೇಕನ್ನು ಕಲ್ಲಾಗುವವರೆಗೆ ತುಳಿಯಲು ಹೇಳಿ, ಕಾಲು ತೆಗೆಯದೆ ಸ್ಟಾರ್ಟ್ ಮಾಡಿ ಎಂದಳು. ಕೀಲಿ ತಿರುಗಿಸಿದ ಕೂಡಲೇ ಪೆಡಲು ಅವನ ಪಾದದ ಕೆಳಗೆ ಮೆಲ್ಲಗೆ ಇಳಿಯಿತು. ಹೊಸ ಕಾರಿನಲ್ಲಿ ಮೊದಲ ದಿನ ಇಳಿದಿತ್ತಲ್ಲ, ಹಾಗೇ. ದಾಸಣ್ಣನಿಗೆ ಕಣ್ಣು ಮಂಜಾಯಿತು. ಸಂತೋಷಕ್ಕೋ ಸಂಕಟಕ್ಕೋ ಬಿಡಿಸಿ ಹೇಳುವುದು ಕಷ್ಟ. ತನ್ನ ಕಾಲಿಗೆ ಇಷ್ಟು ದಿನ ಮುನಿಸಿಕೊಂಡಿದ್ದ ಕಾರು ಅವಳು ಮುಟ್ಟಿದ್ದೇ ಮೆತ್ತಗಾಗಿತ್ತು.

ಆಮೇಲೆ ಅವಳು ಓಡಿಸಿ ನೋಡುತ್ತೇನೆಂದಳು. ಎಡಗಡೆಯ ಸೀಟಿನಲ್ಲಿ ದಾಸಣ್ಣ. ಬಳ್ಳಾರಿ ರಸ್ತೆಗೆ ಬಿದ್ದ ಮೇಲೆ ಎರಡನೇ ಗೇರಿನಲ್ಲಿ ಒತ್ತಿದಳು. ಸಿಳ್ಳು ಎದ್ದಿತು, ಬೆನ್ನು ಸೀಟಿಗೆ ಅಂಟಿತು. ಅವನು ಅವಳ ಕಾಲನ್ನೇ ನೋಡುತ್ತಿದ್ದ. ಕ್ಲಚ್ಚಿನ ಮೇಲೆ ಕಾಲಿಡುತ್ತಾಳೇನೋ, ಗೇರು ಕಿರ್ರೆನ್ನುತ್ತದೇನೋ, ಒಂದು ತಪ್ಪಾದರೂ ಸಿಕ್ಕೀತೇನೋ ಎಂದು ಕಾದ. ಹೋಗಿ ಬರುವವರೆಗೂ ಸಿಗಲಿಲ್ಲ.

ಸಂಜೆ ಮನೆಯಲ್ಲಿ ತಟ್ಟೆಯ ಮುಂದೆ ಕೂತವನು ಸಾರಿಗೆ ಉಪ್ಪಿಲ್ಲ ಎಂದ. ಪಾಲಮ್ಮ ರುಚಿ ನೋಡಿದಳು. ಉಪ್ಪು ಸರಿಯಾಗೇ ಇತ್ತು.

"ಗಾಡಿ ರಿಪೇರಿ ಆತಂತೆ?"

"ಹೂಂ."

"ಮಾರಲ್ವಂತೆ?"

"ಹೂಂ."

"ಮತ್ಯಾಕೆ ಮಕ ಹಿಂಗ್ ಮಾಡ್ಕಂಡೀಯಾ? ಕೆಲ್ಸ ಉಳೀತು. ಆ ಹುಡುಗಿಗೆ ಕೈ ಮುಗೀಬೇಕು ನೀನು." ಅವನು ತಟ್ಟೆ ಸರಿಸಿದ. ಪಾಲಮ್ಮ, "ನನ್ನ ಕಡೆ ಯಾರಾನ ನೋಡಿದ್ರೂ ನಿನಗೆ ಇಷ್ಟು ಉರಿ ಬಂದಿಲ್ಲ ಬಿಡು" ಎಂದು ತಟ್ಟೆ ಎತ್ತಿಕೊಂಡು ಹೋದಳು.

ಆ ಮೇಲೆ ಶಿಲ್ಪ ಆಗಾಗ ಕಾರು ತೆಗೆಯತೊಡಗಿದಳು. ತವರಿಗೆ, ಮಾರ್ಕೆಟ್ಟಿಗೆ, ಒಮ್ಮೊಮ್ಮೆ ಅತ್ತೆಯನ್ನು ಕೂರಿಸಿಕೊಂಡು ಸಂಬಂಧಿಕರ ಮನೆಗೆ. ಅಂಥ ದಿನ ದಾಸಣ್ಣನನ್ನು ಮಿಲ್ಲಿನ ತೂಕದ ಕಟ್ಟೆಯ ಹತ್ತಿರ ಕೂರಿಸುತ್ತಿದ್ದರು. ಟೀ ಅಂಗಡಿಯಲ್ಲಿ ಸುದ್ದಿ ಹಬ್ಬಿತ್ತು. "ಏನ್ಲಾ ದಾಸ, ನಿನ್ನ ಟರ್ಬೊನ ಸೊಸೆನೇ ಪಳಗಿಸಿದ್ಲಂತೆ" ಎಂದು ಲಾರಿ ಡ್ರೈವರುಗಳು ಕೇಳಿದರೆ ಅವನು ಟೀ ಅರ್ಧಕ್ಕೇ ಬಿಟ್ಟು ಏಳುತ್ತಿದ್ದ. ಅವಳು ಕಾರು ತಂದು ನಿಲ್ಲಿಸಿದ ಮೇಲೆ ಸೀಟನ್ನು ಮತ್ತೆ ತನ್ನ ಅಳತೆಗೆ ಹಿಂದಕ್ಕೆ ತಳ್ಳುವಾಗ, ಕನ್ನಡಿಯನ್ನು ತಿರುಗಿಸುವಾಗ, ಒಳಗೆ ಉಳಿದಿದ್ದ ಮಲ್ಲಿಗೆಯ ವಾಸನೆಗೆ ಕಿಟಕಿಗಳನ್ನೆಲ್ಲ ತೆರೆದಿಡುತ್ತಿದ್ದ.

ರೇಣುಕಮ್ಮನ ತಂಗಿಯ ಮಗಳ ನಿಶ್ಚಿತಾರ್ಥಕ್ಕೆ ಮತ್ತೆ ಮೊಳಕಾಲ್ಮೂರಿಗೆ ಹೋಗುವುದಿತ್ತು. ಶಿಲ್ಪ ಓಡಿಸುವುದು, ದೂರದ ದಾರಿಯಾದ್ದರಿಂದ ದಾಸಣ್ಣನೂ ಜೊತೆಗಿರುವುದು ಎಂದಾಯಿತು. ಹೊರಡುವ ದಿನ ಬೆಳಿಗ್ಗೆ ಅವನು ಕಾರು ಒರೆಸುವ ನೆಪದಲ್ಲಿ ಬಾನೆಟ್ ಎತ್ತಿದ. ಬ್ರೇಕಿನ ಪೈಪು ಕಣ್ಣಿಗೆ ಬಿತ್ತು. ಅದನ್ನು ಮುಟ್ಟಲಿಲ್ಲ; ಅಷ್ಟು ಕೆಟ್ಟವನಲ್ಲ. ಡೀಸೆಲ್ ಪಂಪಿನ ಸಣ್ಣ ಪೈಪಿನ ಕ್ಲಿಪ್ಪು ಬಿಚ್ಚಿ ಅಂಗಿ ಜೇಬಿಗೆ ಹಾಕಿಕೊಂಡು, ಪೈಪನ್ನು ತುದಿಗೆ ಎಳೆದು ಸುಮ್ಮನೆ ಸಿಕ್ಕಿಸಿಟ್ಟ. ಸಪಾಟು ರಸ್ತೆಯಲ್ಲಿ ನಿಲ್ಲುತ್ತದೆ, ಏರಿನಲ್ಲಿ ಗಾಳಿ ಒತ್ತಿದಾಗ ಕಳಚುತ್ತದೆ. ಈ ಲೆಕ್ಕವನ್ನು ಅವನು ಕಲಿತದ್ದು ಅವಳ ಬಾಯಿಂದಲೇ.

ಹಾಗೆಯೇ ಆಯಿತು. ಗುಡ್ಡದ ಏರಿನಲ್ಲಿ ಟಪ್ಪೆಂದು ಸದ್ದಾಗಿ, ಸುಯ್ಯೆಂದು ಗಾಳಿ ಬಿಟ್ಟು ಕಾರು ಸೊರಗಿತು. ಶಿಲ್ಪ ಬದಿಗೆ ತೆಗೆದು ನಿಲ್ಲಿಸಿದಳು. ರಣಬಿಸಿಲು. ರೇಷ್ಮೆ ಸೀರೆ ಉಟ್ಟು ಕೂತಿದ್ದ ರೇಣುಕಮ್ಮ ಬೆವರೊರೆಸಿಕೊಳ್ಳುತ್ತ, "ಮನೇಲಿ ಮಾಡಿದ ಕೆಲ್ಸ ಎಷ್ಟಂತ ನಿಲ್ತೈತೆ. ನಾನು ಅವತ್ತೇ ಅಂದ್ಕಂಡೆ" ಎಂದರು. ಅಂದುಕೊಂಡಿರಲಿಲ್ಲ, ಬಿಸಿಲು ಆ ಮಾತಾಡಿಸಿತು.

ದಾಸಣ್ಣ ಇಳಿದ. "ನಾನು ನೋಡ್ತೀನಿ ಬಿಡ್ರಿ" ಎಂದು ಬಾನೆಟ್ ಎತ್ತಿ, ಅಲ್ಲಿ ಇಲ್ಲಿ ತಡವಿದಂತೆ ಮಾಡಿ, ಕಳಚಿದ ಪೈಪನ್ನು ಎತ್ತಿ ತೋರಿಸಿದ. "ಇದು ಬಿಟ್ಕಂಡೈತೆ, ಅಮ್ಮಾರೆ." ಪೈಪನ್ನು ಏರಿಸಿದ. ಕೈ ತಾನಾಗಿ ಅಂಗಿ ಜೇಬಿಗೆ ಹೋಯಿತು, ಕ್ಲಿಪ್ಪು ತೆಗೆಯಿತು. ಆಗ ತಲೆ ಎತ್ತಿದ. ಬಾನೆಟ್ಟಿನ ಪಕ್ಕದಲ್ಲಿ ಶಿಲ್ಪ ನಿಂತಿದ್ದಳು. ಅವನ ಜೇಬು ನೋಡಿದಳು, ಕ್ಲಿಪ್ಪು ನೋಡಿದಳು, ಅವನ ಮುಖ ನೋಡಿದಳು.

ಒಳಗಿನಿಂದ ರೇಣುಕಮ್ಮ, "ಸರಿ ಆತೇನಪ್ಪ? ನೀನಿದ್ದದ್ದಕ್ಕೆ ಆತು" ಎಂದರು.

ಶಿಲ್ಪ ಕೀಲಿಯನ್ನು ಬಾನೆಟ್ಟಿನ ಅಂಚಿನ ಮೇಲಿಟ್ಟಳು. "ನೀನೇ ಓಡ್ಸು" ಎಂದಳು.

ಅಲ್ಲಿಯವರೆಗೆ ಅವಳು ಅವನನ್ನು 'ನೀವು' ಎನ್ನುತ್ತಿದ್ದಳು.

ಅವನು ಬಯಸಿದ್ದು ಅವನಿಗೆ ಸಿಕ್ಕಿತು. ಇನ್ನು ಗಾಡಿಯ ತಂಟೆಗೆ ಹೋಗಬೇಡ ಎಂದು ರೇಣುಕಮ್ಮ ಸೊಸೆಗೆ ಹೇಳಿದರು. ಸಾವ್ಕಾರರು ಊಟದ ಹೊತ್ತಿನಲ್ಲಿ ನಾಲ್ಕು ಜನರ ಮುಂದೆ ದಾಸಣ್ಣನನ್ನು ಹೊಗಳಿದರು. ಶಿಲ್ಪ ಒಂದು ಮಾತೂ ಆಡಲಿಲ್ಲ. ಕಾರಿನಲ್ಲಿ ಕೂತಾಗ ಕಿಟಕಿಯಾಚೆ ನೋಡುತ್ತಿದ್ದಳು. ಅವನು ಬೇಕೆಂದೇ ಟಾಪ್ ಗೇರಿನಲ್ಲಿ ಏರು ಹತ್ತಿಸಿ ಇಂಜಿನ್ ಒದ್ದಾಡಿಸಿದರೂ ಮುಂದಕ್ಕೆ ಬಾಗಿ ಏನೂ ಕೇಳಲಿಲ್ಲ. ಇಂದು ಹೇಳುತ್ತಾಳೆ, ನಾಳೆ ಹೇಳುತ್ತಾಳೆ ಎಂದು ದಾಸಣ್ಣ ಕಾದ. ಅವಳು ಹೇಳದೇ ಇದ್ದದ್ದೇ ಅವನಿಗೆ ತಡೆಯಲಾಗಲಿಲ್ಲ. ಒಂದು ದಿನ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದವಳ ಹತ್ತಿರ ಹೋಗಿ ನಿಂತ.

"ಸಣ್ಣಮ್ಮಾರೆ, ಅವತ್ತು..."

"ಅವತ್ತಿಂದು ನಂಗೊತ್ತು. ನಿನ್ನ ಕೇಳಿದ್ನಾ?"

"ಯಾಕ್ ಹೇಳ್ಲಿಲ್ಲ ನೀವು?"

"ಹೇಳಿದ್ರೆ ನಿನ್ನ ಬಿಡಿಸ್ತಿದ್ರು. ಪಾಲಮ್ಮನ ಮುಖ ನೋಡಿ ಸುಮ್ನಿದೀನಿ. ನಿನ್ನ ಮುಖ ನೋಡಿ ಅಲ್ಲ." ಒದ್ದೆ ಸೀರೆಯನ್ನು ಜೋರಾಗಿ ಕೊಡವಿದಳು. "ಆ ಗಾಡಿ ಕಂಡ್ರೆ ನಿನಗೆ ಅಷ್ಟು ಪ್ರೀತಿ ಅಂದ್ಕಂಡಿದ್ದೆ. ಪ್ರೀತಿ ಇರೋನು ಅದರ ಪೈಪು ಕೀಳ್ತಾನಾ?"

ದಾಸಣ್ಣ ಅಲ್ಲಿಂದ ಬಂದು ಕಾರಿನಲ್ಲಿ ಕೂತ. ಬುತ್ತಿ ಬಿಚ್ಚಲಿಲ್ಲ. ಓಡಿಸುವುದರಲ್ಲಿ ಗೆದ್ದಳು, ಕೈಕೆಲಸದಲ್ಲಿ ಗೆದ್ದಳು. ಈಗ ದೊಡ್ಡ ಮನಸ್ಸಿನಲ್ಲೂ ಅವಳೇ ಮುಂದೆ. ಇದಕ್ಕೂ ಅವನಿಗೆ ಹೊಟ್ಟೆಕಿಚ್ಚೇ ಆಯಿತು. ಆದರೆ ಈ ಸಲದ ಕಿಚ್ಚು ಅವನನ್ನು ಬೇರೆ ಕಡೆಗೆ ನೂಕಿತು.

ನಿಶ್ಚಿತಾರ್ಥವಾದ ಹುಡುಗಿಯ ಮದುವೆ ಬಂತು. ಹೊರಡುವ ಬೆಳಿಗ್ಗೆ ದಾಸಣ್ಣ ಕೀಲಿಯನ್ನು ತಂದು ರೇಣುಕಮ್ಮನ ಮುಂದೆ ಕಟ್ಟೆಯ ಮೇಲಿಟ್ಟ.

"ಸಣ್ಣಮ್ಮಾರು ಓಡಿಸ್ಲಿ, ಅಮ್ಮಾರೆ."

"ಮತ್ತೆ ಏರಿನಾಗೆ ನಿಂತ್ರೆ?"

"ನಿಲ್ಲಲ್ಲ. ಅವ್ರು ಹಾಕಿದ ಪೈಪು ಬಿಟ್ಕಂಬದಲ್ಲ. ಅವತ್ತು ನಾನು ಕೈಯಾಡ್ಸಿದ್ದೆ."

"ಕೈಯಾಡ್ಸಿದ್ದೆ ಅಂದ್ರೆ?"

ಬಾಗಿಲಲ್ಲಿ ಶಿಲ್ಪ ಬಂದು ನಿಂತಿದ್ದಳು. ದಾಸಣ್ಣ ನೆಲ ನೋಡುತ್ತ ಹೇಳಿದ. "ಕ್ಲಿಪ್ಪು ನಾನೇ ಬಿಚ್ಚಿದ್ದೆ. ಗಾಡಿ ನನ್ನ ಕೈಗಿಂತ ಅವ್ರ ಕೈಲಿ ಚೆನ್ನಾಗಿ ಹೋಗ್ತೈತೆ. ಅದಕ್ಕೆ ಬಿಚ್ಚಿದ್ದೆ."

ಕ್ಲಿಪ್ಪು ಬಿಚ್ಚಿದ್ದು ಹೇಳುವುದು ಅವನಿಗೆ ಅಷ್ಟೊಂದು ಕಷ್ಟವಾಗಲಿಲ್ಲ. ನಡುವಿನ ಮಾತು ಹೇಳುವಾಗ ನಾಲಿಗೆ ಎರಡು ಸಲ ಅಂಟಿಕೊಂಡಿತು.

ರೇಣುಕಮ್ಮ ಕೀಲಿಯನ್ನು ಎತ್ತಿ ಸೊಸೆಗೆ ಕೊಟ್ಟರು. ಮದುವೆಯಿಂದ ಬಂದ ಮೇಲೆ ಗಂಡನಿಗೆ ಹೇಳಿದರು. ಸಾವ್ಕಾರರು ದಾಸಣ್ಣನನ್ನು ಕರೆಸಿ, ಕೆಲಸದಿಂದ ಬಿಡಿಸಲಿಲ್ಲ, ಕಾರಿನಿಂದ ಬಿಡಿಸಿದರು. ಶೇಂಗಾ ಹಿಂಡಿ ಸಾಗಿಸುವ ಮಿಲ್ಲಿನ ಲಾರಿಗೆ ಹಾಕಿದರು. ಪಾಲಮ್ಮ ನಾಲ್ಕು ದಿನ ಮಾತು ಬಿಟ್ಟಳು. ಐದನೆಯ ದಿನ "ಹೋಗ್ಲಿ ಬಿಡು, ಲಾರಿಯಾಗಾದ್ರೂ ಪೈಪು ನೋಡ್ಕೊಂಡಿರು" ಎಂದಳು.

ಲಾರಿ ಓಡಿಸುತ್ತಿದ್ದ ವರ್ಷಗಳಲ್ಲೂ ಅವನ ಕಿಚ್ಚು ಆರಿತ್ತು ಎನ್ನುವ ಹಾಗಿಲ್ಲ. ಬಳ್ಳಾರಿ ರಸ್ತೆಯಲ್ಲಿ ಟರ್ಬೊ ಎದುರಾದರೆ ಶಿಲ್ಪ ಹಾರ್ನ್ ಮಾಡುತ್ತಿದ್ದಳು. ಅವನೂ ಮಾಡುತ್ತಿದ್ದ. ಮಾಡಿ, ಕಿಟಕಿಯಿಂದ ತಲೆ ಹೊರಹಾಕಿ, ಅವಳು ಗೇರು ಬದಲಿಸುವ ಸದ್ದು ದೂರವಾಗುವವರೆಗೆ ಕೇಳುತ್ತಿದ್ದ. ಒಮ್ಮೆ ರಸ್ತೆಯ ಹಂಪಿನ ಮೇಲೆ ಗೇರು ಕಿರ್ರೆಂದಿತು. ಆ ದಿನ ಮನೆಗೆ ಬಂದು ಪಾಲಮ್ಮನ ಸಾರನ್ನು ಎರಡು ಸಲ ಹಾಕಿಸಿಕೊಂಡು ಉಂಡ. ಆದರೂ ಅವಳು ಭಾನುವಾರ ಬೇವಿನ ಮರದ ಕೆಳಗೆ ಬಾನೆಟ್ ಎತ್ತಿದ್ದು ಕಂಡರೆ ಲಾರಿ ನಿಲ್ಲಿಸಿ ಹೋಗಿ ನಿಲ್ಲುತ್ತಿದ್ದ. ಅವಳು ಕರೆಯುತ್ತಿರಲಿಲ್ಲ, ಹೋಗು ಎಂದೂ ಅನ್ನುತ್ತಿರಲಿಲ್ಲ. ಕೇಳಿದ ಸ್ಪ್ಯಾನರ್ ಅವನು ಕೊಡುತ್ತಿದ್ದ. ಲಾರಿಯ ಬ್ರೇಕು ಒಮ್ಮೆ ಗಟ್ಟಿಯಾದಾಗ ಗ್ಯಾರೇಜಿಗೆ ಹೋಗದೆ ತಾನೇ ಪೈಪು ಬಗ್ಗಿಸಿ ನೋಡಿ ಸೀಳು ಹುಡುಕಿದ. ಹುಡುಕಿದ್ದನ್ನು ಅವಳಿಗೆ ಮಾತ್ರ ಹೇಳಲಿಲ್ಲ.

ಎರಡು ಸಾವಿರದ ಒಂಬತ್ತರಲ್ಲಿ ಸಾವ್ಕಾರರು ಟರ್ಬೊ ಮಾರಿದರು. ಕೊಂಡವನು ರಾಯದುರ್ಗದ ಕಡೆಯ ಒಬ್ಬ ಕಂಟ್ರಾಕ್ಟರು, ತೆಲುಗಿನಲ್ಲಿ ಜೋರಾಗಿ ಮಾತಾಡುವ ಮನುಷ್ಯ. ಕಾಗದಪತ್ರ ಮುಗಿಸಿ ಕಾರು ಹತ್ತಿದ. ಮಿಲ್ಲಿನ ಗೇಟಿನ ಹತ್ತಿರ ಶಿಲ್ಪ ಮಗಳನ್ನು ಎತ್ತಿಕೊಂಡು ನಿಂತಿದ್ದಳು. ಲಾರಿಯಿಂದಿಳಿದು ಬಂದ ದಾಸಣ್ಣ ಸ್ವಲ್ಪ ಆಚೆ ನಿಂತ. ಕಂಟ್ರಾಕ್ಟರು ಕ್ಲಚ್ಚನ್ನು ಒಮ್ಮೆಗೇ ಬಿಟ್ಟ. ಕಾರು ಜಿಗಿದು ಬಂದ್ ಆಯಿತು. ಮತ್ತೆ ಸ್ಟಾರ್ಟ್ ಮಾಡಿ ಗೊರಗೊರ ಒತ್ತಿಕೊಂಡು ರಸ್ತೆಗೆ ಇಳಿದ.

"ಕ್ಲಚ್ ಮ್ಯಾಲೆ ಕಾಲಿಟ್ಕಂಡೇ ಹೋಗ್ತಾನೆ, ನೋಡ್ರಿ" ಎಂದ ದಾಸಣ್ಣ.

"ಒಂದು ತಿಂಗಳೂ ಬಾಳ್ಸಲ್ಲ" ಎಂದಳು ಶಿಲ್ಪ.

ಇಬ್ಬರೂ ಆ ಮನುಷ್ಯನನ್ನು ಶಪಿಸುತ್ತ ಕಾರು ಕಣ್ಣಿಗೆ ಮರೆಯಾಗುವವರೆಗೆ ಅಲ್ಲೇ ನಿಂತಿದ್ದರು. ಆಮೇಲೆ ಅವಳು "ಊಟ ಆತಾ ದಾಸಣ್ಣ? ಒಳಗೆ ಬರ್ರಿ" ಎಂದಳು.